ಫೋಟೋದಲ್ಲಿ ನಗಬಾರದು

4 ಫೆಬ್ರವರಿ

ಪ್ರೀತಿಯ ಅಣ್ಣನಿಗೆ,

ಮೊದಲು ಕುಳಿತುಕೋ. ರಿಪೇರಿಗೆ ಬಂದ ಕುರ್ಚಿಯ ಮೇಲಲ್ಲ, ಗಟ್ಟಿಯಾದದ್ದರ ಮೇಲೆ. ನಾನು ಮದುವೆಯಾಗುತ್ತಿದ್ದೇನೆ.

ನಗಬೇಡ. ಐವತ್ತೊಂದು ವರ್ಷದವಳ ಮದುವೆ ಎಂದು ಈಜುಕೊಳದಲ್ಲಿ ಈಗಾಗಲೇ ಎಲ್ಲರೂ ನಕ್ಕಾಗಿದೆ. ಟಿಕೆಟ್ ಹರಿಯುವ ಹುಡುಗಿಯಂತೂ "ಟೀಚರ್, ನೀವು ಇನ್ನೂ ನೀರಿಗೆ ಇಳಿದಿರಲಿಲ್ವಾ?" ಎಂದು ಕೇಳಿದಳು. ಇಳಿಯುತ್ತಿದ್ದೇನೆ, ಈಗ.

ಅವರು ಸಿಟಿ ಬಸ್ ಡ್ರೈವರ್. ನಮ್ಮ ಈಜುಕೊಳವೇ ಅವರ ಬಸ್ಸಿನ ಕೊನೆಯ ನಿಲ್ದಾಣ. ಬಸ್ಸು ನಿಲ್ಲಿಸಿ ಗಾಜಿನ ಆಚೆಯಿಂದ ಮಕ್ಕಳು ಈಜುವುದನ್ನು ನೋಡುತ್ತಿದ್ದರು. ಒಂದು ದಿನ ತಾವೂ ಕಲಿಯಬೇಕು ಎಂದು ಬಂದರು. ಅಷ್ಟು ದೊಡ್ಡ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ಮನುಷ್ಯ ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದವರು ಬಿಡಲಿಲ್ಲ. "ಟೀಚರ್, ಇದಕ್ಕೆ ಬ್ರೇಕ್ ಎಲ್ಲಿದೆ?" ಎಂದರು. ನಾನು ಅಂದೇ ಸೋತೆ. ತಲೆ ತುಂಬ ಪೊರಕೆಯಂಥ ಕೂದಲು, ಯಾವ ಈಜು ಟೋಪಿಯೂ ಹಿಡಿಸುವುದಿಲ್ಲ.

ಜೂನ್ 14, ನೋಂದಣಿ ಕಚೇರಿಯಲ್ಲಿ. ಇಬ್ಬರು ಸಾಕ್ಷಿಗಳು ಬೇಕು. ಅವರ ಕಡೆಯಿಂದ ಡಿಪೋ ಮ್ಯಾನೇಜರ್. ನನ್ನ ಕಡೆಯಿಂದ ನೀನು. ನಿನ್ನನ್ನು ಬಿಟ್ಟರೆ ನನಗೆ ಕಡೆ ಎಂಬುದೇ ಇಲ್ಲ. ಎಂಟು ವರ್ಷದ ಹಿಂದೆ ಈ ದೇಶಕ್ಕೆ ಬಂದಿದ್ದೆಯಲ್ಲ, ಆ ಪಾಸ್‌ಪೋರ್ಟಿಗೆ ಇನ್ನೂ ಅವಧಿ ಇದೆ ತಾನೆ?

ನಿನ್ನ ಫೋನಿಗೆ ಏನಾಗಿದೆ? ಮುರಿದ ಕುರ್ಚಿಗೆ ಕಾಲು ಜೋಡಿಸುವವನಿಗೆ ಒಂದು ಫೋನು ಸರಿ ಮಾಡಿಸಲು ವರ್ಷ ಬೇಕೆ? ಇರಲಿ, ಹಾಸ್ಟೆಲಿನ ಕಾಲದಿಂದ ನಮಗೆ ಪತ್ರವೇ ಒಗ್ಗಿದೆ. ಆದರೆ ಈ ಪತ್ರಕ್ಕೆ ಬೇಗ ಉತ್ತರ ಬೇಕು.

ನಿನ್ನ
ಕಪ್ಪೆ


16 ಫೆಬ್ರವರಿ

ಪ್ರೀತಿಯ ಕಪ್ಪೆಗೆ,

ನಿನ್ನ ಪತ್ರ ಹಿಡಿದುಕೊಂಡು ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಬೀದಿಗೆ ಬಂದೆ. ಎದುರಿಗೆ ಸಿಕ್ಕವಳು ದಾರ, ಗುಂಡಿ ಮಾರುವ ಗುಂಡಿ ಅಂಗಡಿಯಾಕೆ. "ಮದುವೆ! ಮದುವೆ!" ಎಂದೆ. "ಅಯ್ಯೋ, ಯಾರನ್ನಣ್ಣಾ ಒಪ್ಪಿಸಿದ್ರಿ?" ಎಂದಳು. ನನ್ನದಲ್ಲ, ತಂಗಿಯದು ಎಂದ ಮೇಲೆ ಅವಳಿಗೆ ಉಸಿರು ಬಂತು.

ಅಲ್ಲಿಂದ ನೇರ ವಿಮಾನದ ಟಿಕೆಟ್ ಏಜೆನ್ಸಿಗೆ ಹೋದೆ. ಅಲ್ಲಿಯ ಹುಡುಗಿ ಪಾಸ್‌ಪೋರ್ಟ್ ತೆರೆದಳು, ನನ್ನನ್ನು ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಇವರು ಬರಲಿಲ್ವಾ ಸಾರ್? ನಿಮ್ಮ ತಮ್ಮ ಇರಬೇಕು."

"ನಾನೇ ಅಮ್ಮಾ ಅದು."

"ತಮಾಷೆ ಮಾಡಬೇಡಿ ಸಾರ್. ಮುಖ ಇಷ್ಟು ಬದಲಾಗಿದ್ರೆ ಅಲ್ಲಿ ಕೌಂಟರಿನಲ್ಲಿ ನಿಲ್ಲಿಸಿಬಿಡ್ತಾರೆ. ವೀಸಾನೂ ಕಷ್ಟ. ಮೊದಲು ಇದಕ್ಕೊಂದು ದಾರಿ ಮಾಡ್ಕೊಳ್ಳಿ."

ಹೆದರಬೇಡ. ಒಂದು ವರ್ಷದಿಂದ ಗಡ್ಡ ಬಿಟ್ಟಿದ್ದೇನೆ. ಸ್ವಲ್ಪ ಇಳಿದೂ ಹೋಗಿದ್ದೇನೆ. ಅಷ್ಟೇ. ಗಡ್ಡ ಈಗ ಎದೆ ಮುಟ್ಟುತ್ತದೆ. ಗಿರಾಕಿಗಳು ಮೊದಲಿಗಿಂತ ಮರ್ಯಾದೆ ಕೊಡುತ್ತಾರೆ.

ನಿನಗೊಂದು ಉಡುಗೊರೆ ಶುರು ಮಾಡಿದ್ದೇನೆ. ಹಳೆಯ ಪೆಟ್ಟಿಗೆಯೊಂದರಿಂದ ಉಳಿದ ಬೀಟೆ ಮರದ ತುಂಡಿತ್ತು, ಅದರಲ್ಲಿ ಬಾಚಣಿಗೆ. ಮದುವೆಯ ದಿನ ಬೆಳಿಗ್ಗೆ ನಿನ್ನ ಜಡೆ ನಾನೇ ಹೆಣೆಯುತ್ತೇನೆ. ಅಮ್ಮ ಹೋದ ಮೇಲೆ ನಿನ್ನ ಶಾಲೆಯ ಜಡೆ ಹಾಕುತ್ತಿದ್ದವನು ನಾನೇ ತಾನೆ? ನೀನು ಕಿರುಚುತ್ತಿದ್ದೆ, ಅಕ್ಕಪಕ್ಕದವರು ಏನೋ ಅನಾಹುತವಾಯಿತೆಂದು ಬಾಗಿಲು ಬಡಿಯುತ್ತಿದ್ದರು. ಕೂದಲು ಈಗಲೂ ಸೊಂಟದವರೆಗೆ ಇದೆಯೆ? ಹಲ್ಲು ಎಷ್ಟು ಅಗಲ ಬಿಡಬೇಕು ಎಂದು ತಿಳಿಯಬೇಕು.

ಡ್ರೈವರ್ ಸಾಹೇಬರಿಗೆ ನಮಸ್ಕಾರ ಹೇಳು.

ಅಣ್ಣ


28 ಫೆಬ್ರವರಿ

ಪ್ರೀತಿಯ ಅಣ್ಣ,

ಗಡ್ಡವೆ! ಇಷ್ಟಕ್ಕೆ ಆ ಹುಡುಗಿ ನಿನ್ನನ್ನು ಹೆದರಿಸಿದಳೆ? ಕೇಳು, ದಾರಿ ಎರಡಿವೆ.

ಒಂದು, ಬೋಳಿಸು. ಅರ್ಧ ಗಂಟೆಯ ಕೆಲಸ. ಮುಖ ಹಳೆಯ ಫೋಟೋದಂತೆ ಆಗುತ್ತದೆ, ಟಿಕೆಟ್ ತೆಗೆದುಕೋ.

ಎರಡು, ಗಡ್ಡದ ಮೇಲೆ ಅಷ್ಟು ಪ್ರೀತಿ ಇದ್ದರೆ ಹೊಸ ಪಾಸ್‌ಪೋರ್ಟ್ ಮಾಡಿಸು. ಚಹರೆ ಬದಲಾಗಿದೆ ಎಂದು ಅರ್ಜಿಯಲ್ಲಿ ಕಾರಣ ಬರೆಯಬೇಕು. ಹಳೆಯ ಪಾಸ್‌ಪೋರ್ಟ್ ಒಯ್ಯಬೇಕು. ಕಾಯಿಲೆಯಿಂದ ಬದಲಾಗಿದ್ದರೆ ಡಾಕ್ಟರ ಚೀಟಿ ಇದ್ದರೆ ಒಳ್ಳೆಯದು. ಗಡ್ಡಕ್ಕೆ ಅದು ಬೇಡ. ಫೋಟೋಗೆ ಬಿಳಿ ಹಿನ್ನೆಲೆ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ನಗಬಾರದು. ತಲೆಯ ಮೇಲೆ ಏನೂ ಇರಬಾರದು. ಕೌಂಟರಿನವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನಿನ್ನನ್ನು ದಿಟ್ಟಿಸಿ ನೋಡುತ್ತಾರೆ. ಆಗ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ. ಆದರೆ ಎರಡು ನಿಮಿಷ, ಅಷ್ಟೇ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಗೊತ್ತು.

ಜಡೆಯ ವಿಷಯ ನೀನು ಬಂದ ಮೇಲೆ ಮಾತಾಡೋಣ. ಬಾಚಣಿಗೆಗೆ ಈಗಲೇ ಅಷ್ಟು ಶ್ರಮ ಪಡಬೇಡ.

ಇವರು ನಿನ್ನ ಹಾಸಿಗೆ ಹಾಕಲು ಕಿಟಕಿಯ ಪಕ್ಕದ ಕೋಣೆ ಖಾಲಿ ಮಾಡುತ್ತಿದ್ದಾರೆ. "ನಿಮ್ಮಣ್ಣಂಗೆ ಬೆನ್ನಿನ ಕಡೆ ಗಾಳಿ ಆಗುತ್ತಾ, ಎದೆ ಕಡೆ ಆಗುತ್ತಾ?" ಎಂದು ದಿನಾ ಕೇಳುತ್ತಾರೆ. ಬಸ್ಸಿನಲ್ಲಿ ಸೀಟು ಕೊಟ್ಟ ಹಾಗೆ. ಬೇಗ ತಾರೀಕು ತಿಳಿಸು.

ಕಪ್ಪೆ


11 ಮಾರ್ಚ್

ಪ್ರೀತಿಯ ಕಪ್ಪೆಗೆ,

ಎದೆಯ ಕಡೆ ಗಾಳಿ ಸಾಕು ಎಂದು ಅವರಿಗೆ ಹೇಳು.

ಗಡ್ಡ ಈಗಲೇ ಬೋಳಿಸಲಾರೆ. ಹೊಸ ಪಾಸ್‌ಪೋರ್ಟೂ ಸದ್ಯಕ್ಕೆ ಬೇಡ ಎನಿಸುತ್ತದೆ. ಕೈಯಲ್ಲಿ ಒಂದು ಕುರ್ಚಿ ಇದೆ, ಅದು ಮುಗಿಯದೆ ಎಲ್ಲಿಗೂ ಹೊರಡುವಂತಿಲ್ಲ.

ಒಳ್ಳೆಯ ಕುರ್ಚಿ. ಎಡಗೈ ಕುಸಿದಿದೆ. ಬಲಗೈ ನೆಟ್ಟಗಿದೆ, ಅದರಿಂದ ಕುಸಿದದ್ದು ಇನ್ನೂ ಎದ್ದು ಕಾಣುತ್ತದೆ. ಮಾಲೀಕನ ಬಳಿ ಎಂಟು ವರ್ಷದ ಹಿಂದಿನ ಫೋಟೋ ಇದೆ, ಅದರಂತೆಯೇ ಆಗಬೇಕು. ನನ್ನ ಕೆಲಸದ ರೀತಿ ನಿನಗೆ ಗೊತ್ತು. ಗಿರಾಕಿ ಹಳೆಯ ಫೋಟೋ ಕೊಡುತ್ತಾನೆ, ನಾನು ಅದನ್ನು ಗೋಡೆಗೆ ಅಂಟಿಸುತ್ತೇನೆ, ಮುರಿದದ್ದು ಫೋಟೋದಂತೆ ಆಗುವವರೆಗೆ ಕೈಬಿಡುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಎತ್ತಿ ಕಟ್ಟುತ್ತಿದ್ದೇನೆ. ಬೆಳಿಗ್ಗೆ ಸರಿಹೋದಂತೆ ಕಾಣುತ್ತದೆ, ಸಂಜೆಗೆ ಮತ್ತೆ ಜಾರುತ್ತದೆ. ಮೊಂಡು ಕುರ್ಚಿ.

ಸ್ವಲ್ಪ ತಾಳ್ಮೆ ಇರಲಿ. ಬಾಚಣಿಗೆಗೆ ಅಗಲ ಹಲ್ಲು ಬಿಟ್ಟಿದ್ದೇನೆ.

ಅಣ್ಣ


11 ಮಾರ್ಚ್
(ಬರೆದು, ಅಂಚೆಗೆ ಹಾಕದೆ ಅಂಟಿನ ಡಬ್ಬಿಯ ಕೆಳಗಿಟ್ಟದ್ದು)

ಕಪ್ಪೆ,

ಕುರ್ಚಿ ಇಲ್ಲ. ನನ್ನ ಮುಖವೇ ಅದು.

ಕಳೆದ ವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರೆಲ್ಲ ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಅರ್ಧ ಮುಖ ಕೆಳಗಿಳಿದಿತ್ತು. ಮುಖದ ನರ ಸೋತಿದೆ, ಮಿದುಳಿಗೆ ಏನೂ ಆಗಿಲ್ಲ, ಕೈಕಾಲಿಗೆ ಭಯವಿಲ್ಲ ಎಂದರು ಡಾಕ್ಟರು. ಅರ್ಧ ಸರಿಹೋಯಿತು, ಅರ್ಧ ಉಳಿಯಿತು. ಮಾತು ತೊದಲುತ್ತದೆ, ಅದಕ್ಕೇ ಫೋನ್ ಕೆಟ್ಟದ್ದು. ಬಾಯಿ ಸೊಟ್ಟ, ಅದಕ್ಕೇ ಗಡ್ಡ.

ಪಾಸ್‌ಪೋರ್ಟಿನ ಆ ಪುಟವನ್ನು ದೊಡ್ಡದು ಮಾಡಿಸಿ ಕೆಲಸದ ಮೇಜಿನ ಎದುರು ಅಂಟಿಸಿದ್ದೇನೆ. ಕನ್ನಡಿ ಪಕ್ಕಕ್ಕಿಟ್ಟು ದಿನವೂ ಎಡಗೆನ್ನೆ ತಿಕ್ಕುತ್ತೇನೆ, 'ಆ, ಈ, ಊ' ಎನ್ನುತ್ತೇನೆ. ಹೊಸ ಫೋಟೋ ತೆಗೆಸಬಹುದು, ಗೊತ್ತು. ಆದರೆ ತೆಗೆಸಿದರೆ ಇದೇ ನನ್ನ ಮುಖ ಎಂದು ನಾನೇ ಸಹಿ ಹಾಕಿಕೊಟ್ಟಂತೆ. ಆಮೇಲೆ ರಿಪೇರಿ ಎಂಬುದಿಲ್ಲ.

ನಿನ್ನ ಮದುವೆಗೆ ಆ ಫೋಟೋದವನೇ ಬರಬೇಕು.


24 ಮಾರ್ಚ್

ಅಣ್ಣ,

ಒಂದು ಕುರ್ಚಿ!

ನಾನು ಈ ಪತ್ರವನ್ನು ಎರಡು ಸಲ ಹರಿದು ಬರೆಯುತ್ತಿದ್ದೇನೆ. ಮೊದಲ ಸಲ ಬೈಗುಳ ಹೆಚ್ಚಾಗಿತ್ತು, ಎರಡನೆಯ ಸಲ ಕಡಿಮೆಯಾಗಿತ್ತು.

ನಿನಗೆ ಇಷ್ಟವಿಲ್ಲದಿದ್ದರೆ ಹೇಳಿಬಿಡು. ಈ ವಯಸ್ಸಿನಲ್ಲಿ ಇವಳಿಗೆ ಇದೆಲ್ಲ ಯಾಕೆ, ಅದೂ ಒಬ್ಬ ಬಸ್ ಡ್ರೈವರ್ ಜೊತೆ ಎಂದು ಅನಿಸಿದ್ದರೆ ನೇರವಾಗಿ ಬರಿ. ಮೊದಲು ಗಡ್ಡ, ಈಗ ಕುರ್ಚಿ, ಮುಂದಿನ ಪತ್ರದಲ್ಲಿ ಮೇಜು ಬರುತ್ತದೆ. ಕುಣಿಯಲಾರದವನಿಗೆ ನೆಲ ಡೊಂಕು. ನಿನ್ನ ಪತ್ರ ಬಂದಾಗ ಇವರು ನಿನ್ನ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಓದಿ ಹೇಳಿದೆ, ನಿಲ್ಲಿಸಿದರು. ಬ್ರಷ್ ತೊಳೆದು ಇಟ್ಟುಬಿಟ್ಟರು. ನನಗೆ ಅದನ್ನೇ ತಡೆಯಲಾಗಲಿಲ್ಲ.

ಏಪ್ರಿಲ್ ಮುಗಿಯುವುದರೊಳಗೆ ಸಾಕ್ಷಿಗಳ ಹೆಸರು ಕೊಡಬೇಕು. ನಿನ್ನ ಉತ್ತರ ಬರದಿದ್ದರೆ ಟಿಕೆಟ್ ಹರಿಯುವ ಹುಡುಗಿಯೇ ನನ್ನ ಅಣ್ಣ.

ಆ ಕುರ್ಚಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಟು ವರ್ಷ ಬಾಳಿದ ಕುರ್ಚಿ ಎಂಟು ವರ್ಷ ಬಾಳಿದಂತೆಯೇ ಕಾಣಬೇಕು. ಅದರ ಮೇಲೆ ಕೂರಬಹುದೋ ಇಲ್ಲವೋ? ಕೂರಬಹುದಾದರೆ ಅದು ಕುರ್ಚಿಯೇ. ಆ ಮಾಲೀಕನಿಗೆ ಹೇಳು, ಹಳೆಯ ಫೋಟೋ ತೆಗೆದಿಟ್ಟು ಹೊಸದು ತೆಗೆಸಿಕೊಳ್ಳಲಿ. ಕೈ ಕುಸಿದ ಕುರ್ಚಿಯ ಫೋಟೋ ತೆಗೆಯಬಾರದು ಎಂದು ಕಾನೂನಿದೆಯೆ? ಇಷ್ಟಕ್ಕೆ ನನ್ನ ಅಣ್ಣನನ್ನು ಯಾಕೆ ಹಿಡಿದಿಟ್ಟುಕೊಂಡಿದ್ದಾನೆ ಆ ಪುಣ್ಯಾತ್ಮ?

ತಂಗಿ


5 ಏಪ್ರಿಲ್

ನನ್ನ ಕಪ್ಪೆ,

ಆ ಪುಣ್ಯಾತ್ಮನಿಗೆ ಹೇಳಿದೆ. ಒಪ್ಪಿದ. ಲಕೋಟೆಯಲ್ಲಿ ಇರುವುದು ಅವನ ಹೊಸ ಫೋಟೋ. ಅದನ್ನು ಈಗ ನೋಡು, ಆಮೇಲೆ ಮುಂದೆ ಓದು.

ನೋಡಿದೆಯಾ? ಕುರ್ಚಿ ಎಂಬುದು ಸುಳ್ಳು. ಕಳೆದ ವರ್ಷ ಮುಖದ ಎಡಭಾಗದ ನರ ಸೋತಿತು. ಆರೋಗ್ಯ ಚೆನ್ನಾಗಿದೆ, ಡಾಕ್ಟರ ಚೀಟಿಯ ನಕಲನ್ನೂ ಇಟ್ಟಿದ್ದೇನೆ, ನಂಬದಿದ್ದರೆ ಓದು. ನಿನಗೆ ಹೇಳಲಿಲ್ಲ, ಏಕೆಂದರೆ ಮೊದಲು ಸರಿ ಮಾಡಿಕೊಂಡು ಆಮೇಲೆ 'ಹೀಗಾಗಿತ್ತು' ಎಂದು ಹೇಳಬೇಕೆಂದಿದ್ದೆ. ನಿನ್ನ ಮದುವೆ ನನಗೆ ಇಷ್ಟವಿಲ್ಲ ಎಂದು ನೀನು ತಿಳಿಯಬಹುದು ಎಂಬುದು ಕನಸಿನಲ್ಲಿಯೂ ಹೊಳೆಯಲಿಲ್ಲ. ಗುಂಡಿ ಅಂಗಡಿಯಾಕೆಯನ್ನು ಕೇಳು, ಈ ಬೀದಿಯಲ್ಲಿ ನಿನ್ನ ಮದುವೆಯ ಸುದ್ದಿ ಗೊತ್ತಿಲ್ಲದ ನಾಯಿಯೂ ಇಲ್ಲ.

ನಿನ್ನ ಪತ್ರ ಓದಿ 'ಕೂರಬಹುದಾದರೆ ಅದು ಕುರ್ಚಿಯೇ' ಎಂಬಲ್ಲಿ ನಿಂತುಬಿಟ್ಟೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಒಬ್ಬ ಗಿರಾಕಿಗೂ ಈ ಮಾತು ಹೇಳಿರಲಿಲ್ಲ. ಹೇಳಿದ್ದರೆ ಅಂಗಡಿ ಮುಚ್ಚಬೇಕಿತ್ತು, ಅದು ಬೇರೆ. ಗೋಡೆಯ ಮೇಲಿನ ಫೋಟೋ ಕಿತ್ತೆ. ಕತ್ತರಿ ತೆಗೆದುಕೊಂಡು ಗಡ್ಡವನ್ನೂ ಇಳಿಸಿದೆ. ವರ್ಷದ ಮೇಲೆ ಕೆನ್ನೆಗೆ ಗಾಳಿ ತಾಗಿತು, ಎಷ್ಟು ಹಿತ!

ಈಗ ಸ್ಟುಡಿಯೋದ ಕಥೆ ಕೇಳು. ಫೋಟೋ ತೆಗೆಯುವವನು ಬಿಳಿ ಪರದೆಯ ಮುಂದೆ ಕೂರಿಸಿದ. "ಯಜಮಾನ್ರೇ, ನಗಬೇಡಿ" ಎಂದ.

"ನಗ್ತಿಲ್ಲಪ್ಪ."

"ಬಲಗಡೆ ನಗ್ತಿದೀರ."

"ಬಲಗಡೆ ಸರಿಯಾಗಿರೋದು. ಎಡಗಡೆ ಬರ್ತಿಲ್ಲ ಅಷ್ಟೇ."

ಅವನು ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ ನೋಡಿದ. ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡೆ. "ಹಂಗಾದ್ರೆ ಅರ್ಧ ರೂಲ್ಸ್ ಪ್ರಕಾರ ಇದೀರ ಬಿಡಿ" ಎಂದ! ನನಗೆ ನಿಜಕ್ಕೂ ನಗು ಬಂತು. ಒಂದು ವರ್ಷದಿಂದ ಯಾರ ಎದುರೂ ನಕ್ಕಿರಲಿಲ್ಲ, ನಕ್ಕರೆ ಸೊಟ್ಟ ಹೆಚ್ಚಾಗುತ್ತದೆ ಎಂದು. ಅಲ್ಲಿ ತಡೆಯಲಾಗಲಿಲ್ಲ. ಅವನೂ ನಕ್ಕ. ನಾನು ನಿಲ್ಲಿಸಿದರೆ ಅವನು ಶುರು ಮಾಡುವನು, ಅವನು ನಿಲ್ಲಿಸಿದರೆ ನಾನು. ಹಿಂದೆ ಸಾಲಿನಲ್ಲಿದ್ದವರು "ಏನ್ರೀ, ಪಾಸ್‌ಪೋರ್ಟ್ ಫೋಟೋನಾ, ಮದುವೆ ಫೋಟೋನಾ?" ಎಂದು ಕೂಗಿದರು. "ಎರಡಕ್ಕೂ!" ಎಂದೆ.

ಪಾಸ್‌ಪೋರ್ಟ್ ಕಚೇರಿಯಲ್ಲಿ ನೀನು ಬರೆದಂತೆಯೇ ಆಯಿತು. ಕೌಂಟರಿನ ಹೆಂಗಸು ಎರಡು ಫೋಟೋ ಪಕ್ಕಪಕ್ಕ ಇಟ್ಟಳು. ನಾನು ಗೋಡೆಯ ಗಡಿಯಾರ ನೋಡಿದೆ.

"ಎರಡೂ ನೀವೇನಾ?"

"ಎರಡೂ ನಾನೇ. ಇದು ಮೊದಲಿಂದು, ಇದು ಈಗಿಂದು."

"ಕಾರಣ?" ಎಂದಳು. ಚೀಟಿ ಕೊಟ್ಟೆ. ಓದಿ, ಮುದ್ರೆ ಒತ್ತಿದಳು. ಆಮೇಲೆ ಯಾವುದೋ ಸಾಮಾನಿನ ಬಗ್ಗೆ ಹೇಳುವಂತೆ, "ಕಣ್ಣು ಅದೇ ಇದೆ ಸಾರ್" ಎಂದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಬೆಂಚಿನ ಒಂದು ಕಾಲು ಅಲ್ಲಾಡುತ್ತಿತ್ತು. ಕಾಗದ ಮಡಚಿ ಕೆಳಗೆ ಕೊಟ್ಟು ಬಂದೆ.

ಪಾಸ್‌ಪೋರ್ಟ್ ಮನೆಗೇ ಬರುತ್ತದೆ. ಅದು ಬಂದ ಮೇಲೆ ವೀಸಾ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಬರೆಸು. ಟಿಕೆಟ್ ಹರಿಯುವ ಹುಡುಗಿಗೆ ಕ್ಷಮೆ ಕೇಳು. ಮತ್ತೆ ಬಣ್ಣದ ಬ್ರಷ್ಷನ್ನು ಅವರ ಕೈಗೆ ಕೊಡು, ದಯವಿಟ್ಟು ಇವತ್ತೇ.

ನಿನ್ನ
ಅಣ್ಣ


17 ಏಪ್ರಿಲ್

ಅಣ್ಣಾ, ಅಣ್ಣಾ, ಅಣ್ಣಾ,

ಫೋಟೋ ನೋಡಿ ಮೊದಲು ಅತ್ತೆ. ಆಮೇಲೆ 'ಬಲಗಡೆ ನಗ್ತಿದೀರ' ಎಂಬಲ್ಲಿಗೆ ಬಂದು ಎಷ್ಟು ನಕ್ಕೆನೆಂದರೆ ಇವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡು ಓಡಿಬಂದರು. ಫೋಟೋವನ್ನು ಕೈಯಲ್ಲಿ ದೂರ ಹಿಡಿದು, ಹತ್ತಿರ ಹಿಡಿದು, "ನಿಮ್ಮಣ್ಣ ಏನೋ ಗುಟ್ಟು ಗೊತ್ತಿರೋರ ಥರ ಇದಾರೆ" ಎಂದರು. ಅಷ್ಟೇ. ಅಂದೇ ಕೋಣೆಯ ಉಳಿದ ಗೋಡೆಗೆ ಬಣ್ಣ ಹೊಡೆದು ಮುಗಿಸಿದರು, ಕಿಟಕಿಯ ಗಾಜಿಗೂ ಸೇರಿಸಿ.

ನಿನ್ನ ಮೇಲೆ ಸಿಟ್ಟು ಮಾಡಬೇಕು. ಒಂದು ವರ್ಷ! ಆದರೆ ಯಾವ ಬಾಯಿಯಿಂದ ಸಿಟ್ಟು ಮಾಡಲಿ? ಈ ಲಕೋಟೆಯಲ್ಲೂ ಒಂದು ಕಾಗದ ಇದೆ. ನನ್ನ ಪಾಸ್‌ಪೋರ್ಟ್ ಪುಟದ ನಕಲು. ಹೊಸದು. ನೀನು ನೋಡಿಲ್ಲ.

ನೋಡಿದೆಯಾ? ಅದು ನಾನೇ. ಬಲ್ಬು ಅಲ್ಲ.

ಮೂರು ವರ್ಷವಾಯಿತು. ಮೊದಲು ಕಿವಿಯ ಹಿಂದೆ ಕಾಸಿನಗಲ ಕೂದಲು ಉದುರಿತು, ಆಮೇಲೆ ಮೂರೇ ತಿಂಗಳಲ್ಲಿ ಎಲ್ಲ. ಹುಬ್ಬು ಕೂಡ. ಬೇರೆ ಕಾಯಿಲೆ ಇಲ್ಲ, ಕೂದಲು ಮಾತ್ರ, ಮತ್ತೆ ಬರುವ ಭರವಸೆ ಇಲ್ಲ ಎಂದರು. ವಿಗ್ ತಂದೆ. ಈಜುಕೊಳದ ನೀರಿನಲ್ಲಿ ಅದು ಒಂದು ದಿನ ನನ್ನನ್ನು ಬಿಟ್ಟು ಆಳದ ಕಡೆಗೆ ತೇಲಿಹೋಯಿತು. ಮಕ್ಕಳು "ಟೀಚರ್, ಬೆಕ್ಕು! ಬೆಕ್ಕು!" ಎಂದು ಕಿರುಚಿ ಮೇಲೆ ಹತ್ತಿದರು. ಆಗಿನ್ನೂ ಕಂಬಿ ಬಿಡಲು ಕಲಿಯದ ಒಬ್ಬ ವಿದ್ಯಾರ್ಥಿ ಮಾತ್ರ ಕಂಬಿ ಬಿಟ್ಟರು. ನೀರು ಕುಡಿಯುತ್ತ, ಕೈಕಾಲು ಬಡಿಯುತ್ತ ಹೋಗಿ ಅದನ್ನು ಹಿಡಿದು ತಂದು, ಹಿಂಡಿ ನನ್ನ ಕೈಗಿಟ್ಟರು. "ನಿಮ್ದಾ ಟೀಚರ್?" ಎಂದರು. ಬ್ರೇಕ್ ಕೇಳಿದ ದಿನ ಸೋತೆ ಎಂದು ಬರೆದಿದ್ದೆನಲ್ಲ, ಸುಳ್ಳು. ಸೋತದ್ದು ಅಂದು.

ಅದರ ಮಾರನೆಯ ವಾರ ವಿಗ್ ಇಲ್ಲದೆ ಹೋಗಿ ಫೋಟೋ ತೆಗೆಸಿದೆ, ಪಾಸ್‌ಪೋರ್ಟ್ ಬದಲಿಸಿದೆ. ಅದಕ್ಕೇ ನನಗೆ ಎಲ್ಲ ನಿಯಮ ಬಾಯಿಪಾಠ. ಸರ್ಕಾರಕ್ಕೆ ತೋರಿಸಿದೆ, ಇಡೀ ಈಜುಕೊಳಕ್ಕೆ ತೋರಿಸಿದೆ. ನಿನಗೆ ಮಾತ್ರ ಹೇಳಲಾಗಲಿಲ್ಲ. ಆ ಜಡೆ ನಿನ್ನದು ಎಂದು ಅನಿಸುತ್ತಿತ್ತು. ನೀನು ಹೆಣೆದದ್ದನ್ನು ನಾನು ಕಳೆದುಕೊಂಡೆ ಎಂದು. ಬಾಚಣಿಗೆಯ ಹಲ್ಲಿನ ಅಗಲ ಕೇಳಿದಾಗ ಏನು ಬರೆಯಲಿ?

ಈಗ ಮದುವೆಯ ಬೆಳಿಗ್ಗೆ ಏನು ಹೆಣೆಯುತ್ತೀಯ, ನೀನೇ ಯೋಚಿಸು.

ವಿಮಾನ ನಿಲ್ದಾಣದಲ್ಲಿ ನನ್ನನ್ನು ಗುರುತಿಸುವುದು ಸುಲಭ, ಬೆಳಕು ಎಲ್ಲಿ ಹೊಳೆಯುತ್ತದೋ ಅಲ್ಲಿ ನೋಡು. ಆದರೂ ಇವರು ಬೋರ್ಡು ಹಿಡಿಯಲೇಬೇಕು ಎನ್ನುತ್ತಾರೆ. ಅದರ ಮೇಲೆ ನಿನ್ನ ಹೆಸರಲ್ಲ, 'ಕುರ್ಚಿ' ಎಂದು ಬರೆಸಿದ್ದೇನೆ.

ನಿನ್ನ
ಬೋಳು ಕಪ್ಪೆ


30 ಮೇ

ನನ್ನ ಬೋಳು ಕಪ್ಪೆಗೆ,

ಕಪ್ಪೆಗೆ ಕೂದಲಿದ್ದದ್ದೇ ತಪ್ಪು. ಈಗ ಸರಿಯಾಯಿತು.

ನಿನ್ನ ಫೋಟೋವನ್ನು ಮೇಜಿನ ಎದುರು ಅಂಟಿಸಿದ್ದೇನೆ, ನನ್ನ ಹೊಸದರ ಪಕ್ಕದಲ್ಲಿ. ಗುಂಡಿ ಅಂಗಡಿಯಾಕೆ ನೋಡಿ, "ಈಗ ಅಣ್ಣ ತಂಗಿ ಅಂತ ಗೊತ್ತಾಗುತ್ತೆ, ಇಬ್ಬರೂ ಯಾರಿಗೂ ಕೇರ್ ಮಾಡದ ಹಾಗಿದೀರ" ಎಂದಳು. ಫೋನ್ ಸರಿಯಾಗಿದೆ, ಕೆಟ್ಟೇ ಇರಲಿಲ್ಲ. ಆದರೆ ಈಗ ಮಾಡಬೇಡ. ಮೊದಲ ಮಾತು ಎದುರಿಗೇ ಆಗಲಿ, ತೊದಲಿದರೆ ತೊದಲಲಿ.

ಪಾಸ್‌ಪೋರ್ಟ್ ಬಂತು. ವೀಸಾ ನಿನ್ನೆ ಬಂತು. ಏಜೆನ್ಸಿಯ ಹುಡುಗಿ ಪುಟ ತೆರೆದು ನನ್ನನ್ನು ನೋಡಿ, "ಈ ಸಲ ನೀವೇ ಬಂದಿದೀರ ಸಾರ್!" ಎಂದು ಕೈ ಕುಲುಕಿದಳು. ಜೂನ್ 10ರ ಮಧ್ಯಾಹ್ನ ಇಳಿಯುತ್ತೇನೆ. ಈ ಪತ್ರ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನನಗಿಂತ ಮೊದಲು ತಲುಪಬೇಕು.

ಬಾಚಣಿಗೆ ಪೂರ್ತಿ ಆಗಿದೆ. ಎಸೆಯಲು ಮನಸ್ಸಾಗಲಿಲ್ಲ. ಯೋಚಿಸಿದೆ. ಅಗಲ ಹಲ್ಲು, ಗಟ್ಟಿ ಮರ. ಪೊರಕೆಯಂಥ ಕೂದಲಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮದುವೆಯ ಬೆಳಿಗ್ಗೆ ನಿನ್ನ ಡ್ರೈವರನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸು. ನಿನ್ನ ತಲೆ ಬಾಚುತ್ತೇನೆ ಎಂದಿದ್ದೆ, ಅವರ ತಲೆ ಬಾಚುತ್ತೇನೆ. ಕಿರುಚುವುದು ಮಾತ್ರ ನಿನ್ನ ಕೆಲಸ, ಅಕ್ಕಪಕ್ಕದವರು ಬಾಗಿಲು ಬಡಿಯಬೇಕು.

ಒಂದು ಮಾತು ತಿಳಿಸು. ಅಲ್ಲಿ ಗಡಿಯ ಕೌಂಟರಿನಲ್ಲಿ ಫೋಟೋಗೂ ಮುಖಕ್ಕೂ ತಾಳೆ ನೋಡುತ್ತಾರಲ್ಲ, ಅಲ್ಲಿ ಬಾಯಿ ಮುಚ್ಚಿಕೊಂಡು ಗಂಭೀರವಾಗಿ ನಿಲ್ಲುತ್ತೇನೆ. ಅದನ್ನು ದಾಟಿದ ಮೇಲೆ, ಆ ಗಾಜಿನ ಬಾಗಿಲು ತೆರೆದು 'ಕುರ್ಚಿ' ಎಂಬ ಬೋರ್ಡು ಕಂಡಾಗ, ಅಲ್ಲಿ ನಗಬಾರದು ಎಂದು ನಿಯಮವೇನೂ ಇಲ್ಲವಲ್ಲ?

ನಿನ್ನ
ಅಣ್ಣ